ಐದು ಗಂಟೆ ಚಾಕಿ

ನವೆಂಬರ್ ೧೧, ಸೋಮವಾರ

ಶಾಖ ೨೭, ತೇವ ೮೬.

ಈ ಪುಸ್ತಕ ಚಾಕಿ ಮನೆಯ ಶಾಖ, ತೇವ ಬರೆದಿಡಲು ರೇಷ್ಮೆ ಇಲಾಖೆಯವರು ಕೊಟ್ಟದ್ದು. ಮುಂದಿನ ಅರ್ಧ ತುಂಬಿದೆ, ಹಿಂದಿನ ಅರ್ಧ ಖಾಲಿ. ಹಾಳೆ ಖಾಲಿ ಬಿಡುವುದು ನನಗೆ ಆಗದು. ಇವತ್ತಿನಿಂದ ಹಿಂಬದಿಯಿಂದ ಬರೆಯುತ್ತೇನೆ. ಓದುವವರು ಯಾರೂ ಇಲ್ಲ. ಮನೆಯಲ್ಲಿರುವುದು ಅತ್ತೆ ಒಬ್ಬರು, ಅವರಿಗೆ ಓದು ಬರದು.

ಮೊಟ್ಟೆ ಕೊಡುವ ಕಂಪನಿಯಿಂದ ಒಬ್ಬ ಬಂದಿದ್ದ. ಕಂಪ್ಯೂಟರ್ ಕಡೆಯವನಂತೆ, ಹುಳದ ವಿಷಯ ಏನೂ ತಿಳಿಯದು. ಮೊಟ್ಟೆ ತಂದು ಮರಿ ಮಾಡಿಸಿ, ಎರಡು ಜ್ವರ ದಾಟಿಸಿ, ಎಂಟನೇ ದಿನಕ್ಕೆ ರೈತರಿಗೆ ಕೊಡುತ್ತೇವೆ, ಚಾಕಿ ಎಂದರೆ ಇಷ್ಟೇ ಎಂದೆ. ಜ್ವರ ಬಂದ ಹುಳವನ್ನು ಮಾರುತ್ತೀರಾ ಎಂದು ಗಾಬರಿಯಾದ. ಹುಳ ಪೊರೆ ಬಿಡುವ ಮುಂಚೆ ಒಂದು ದಿನ ತಿನ್ನದೆ ತಲೆ ಎತ್ತಿ ಕೂರುತ್ತದಪ್ಪ, ಅದನ್ನೇ ಜ್ವರ ಅನ್ನುತ್ತೇವೆ ಎಂದು ತಿಳಿಸಿದೆ. ಬರೆದುಕೊಂಡ.

ಬಂದ ಕೆಲಸ ಬೇರೆ. ಇನ್ನು ಮೇಲೆ ಪ್ರತಿ ತಟ್ಟೆಗೂ ಒಂದು ಚೀಟಿ ಅಂಟಿಸಬೇಕಂತೆ. ಅದರಲ್ಲಿ ಕೇಂದ್ರದ ಹೆಸರು, ವೆಬ್ ವಿಳಾಸ ಇರಬೇಕು. ರೈತ ಫೋನಿನಲ್ಲಿ ತೆಗೆದರೆ ಹುಳ ಯಾವತ್ತು ಒಡೆದದ್ದು ಎಂಬುದು ಕಾಣಬೇಕು. ಜನವರಿ ಮುಗಿಯುವುದರೊಳಗೆ ಹೆಸರು ಕೊಡದವರಿಗೆ ಫೆಬ್ರವರಿಯಿಂದ ಮೊಟ್ಟೆ ಇಲ್ಲ. ಹೇಳಿ ಮುಗಿಸಿ, "ಈಗ ಏನ್ ಹೆಸರು ಮೇಡಂ?" ಎಂದ.

ನಮಗೆ ಬೋರ್ಡಿಲ್ಲ. ಸುತ್ತಮುತ್ತಲವರು ಯಜಮಾನರ ಹೆಸರಿನಲ್ಲಿ ಕರೆಯುತ್ತಾರೆ. ಆ ಹೆಸರು ನಾನು ಹೇಳುವುದಿಲ್ಲ. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಒಂದು ಸಲವೂ ಹೇಳಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂದು ನನ್ನವ್ವ ಕಲಿಸಿದ್ದಳು. ಹೇಳದೆ ಇದ್ದುದರಿಂದ ಜಾಸ್ತಿಯೇನೂ ಆಗಲಿಲ್ಲ. ಆಗಸ್ಟ್‌ನಲ್ಲಿ ಎದೆ ಹಿಡಿದುಕೊಂಡು ಕೂತವರು ಆಂಬುಲೆನ್ಸ್ ಬರುವ ಮೊದಲೇ ಹೋದರು. ಐವತ್ತಮೂರು ವರ್ಷ. ಆದರೂ ಹೆಸರು ಬಾಯಿಗೆ ಬರುವುದಿಲ್ಲ. ಬಾಯಲ್ಲಿ ಹೇಳದ್ದನ್ನು ಕೈಯಲ್ಲಿ ಬರೆದೂ ಅಭ್ಯಾಸವಿಲ್ಲ. ಇಲ್ಲಿಯೂ ಆ ಜಾಗದಲ್ಲಿ ಗೆರೆ ಎಳೆಯುತ್ತೇನೆ.

ನಾನು ಒಳಗೆ ತಿರುಗಿ ನೋಡಿದೆ. ಅತ್ತೆ ಕೂತಲ್ಲಿಂದಲೇ, "____ ಚಾಕಿ ಅಂತ ಬರ್ಕಳಪ್ಪ. ನನ್ ಮಗ ಕಣಪ್ಪ ಅವ್ನು. ಸತ್ತೋದ," ಎಂದರು. ಅವನು ಪೆನ್ನಿನ ಮುಚ್ಚಳ ಹಾಕಿದ.

ನವೆಂಬರ್ ೧೩, ಬುಧವಾರ

ಶಾಖ ೨೭, ತೇವ ೮೫.

ಬೆಳಗ್ಗೆ ಐದಕ್ಕೆ ಹದಿನಾಲ್ಕು ಫೋನ್ ಮಾಡಿದೆ. ಹುಳ ಒಯ್ದವರಿಗೆಲ್ಲ ಮೂರನೇ ಜ್ವರದಲ್ಲಿ ಅವಸರ. ಎಲ್ಲ ಹುಳ ಏಳುವ ಮೊದಲೇ ಸೊಪ್ಪು ಸುರಿಯುತ್ತಾರೆ, ಆಮೇಲೆ ಒಂದು ಹುಳ ಬೆರಳಷ್ಟು, ಇನ್ನೊಂದು ಅಕ್ಕಿಕಾಳಷ್ಟು. ಯಜಮಾನರಾದರೆ ಸಂಜೆ ಬೈಕಿನಲ್ಲಿ ಮನೆ ಮನೆಗೆ ಹೋಗಿ ಟೀ ಕುಡಿದು, ಹುಳ ನೋಡಿ, ಬೈದು ಬರುತ್ತಿದ್ದರು. ನನಗೆ ಬೈಕ್ ಬರದು. ಐದಕ್ಕೆ ಎದ್ದು ಅವರಿಗೆ ಕಾಫಿ ಇಡುತ್ತಿದ್ದೆ, ಆ ಕೆಲಸವೂ ಈಗಿಲ್ಲ. ಸುಮ್ಮನೆ ಕೂರುವ ಬದಲು ಫೋನ್ ಮಾಡುತ್ತೇನೆ.

ಕೆರೆ ಏರಿ ಪಕ್ಕದ ಮರಿಯಪ್ಪನವರು, "ಕೋಳಿನೂ ಕೂಗಿಲ್ಲ ಕಣವ್ವ ಇನ್ನೂ," ಎಂದು ಗೊಣಗಿದರು. ಹುಳ ಎದ್ದವೋ ಇಲ್ಲವೋ ಎಂದೆ. ಎದ್ದಿಲ್ಲ ಎಂದರು. ಹಾಗಾದರೆ ಸೊಪ್ಪು ಮುಟ್ಟಬೇಡಿ ಎಂದು ಇಟ್ಟೆ.

ನವೆಂಬರ್ ೧೮, ಸೋಮವಾರ

ಹೆಸರಿನ ಕೆಲಸ ಮುಗಿಯಿತು. ಭಾವನ ಜೊತೆ ಚನ್ನಪಟ್ಟಣಕ್ಕೆ ಹೋಗಿದ್ದೆ. ಯಜಮಾನರ ಅಣ್ಣ, ಎದುರು ಮನೆಯ ಗಂಗಹನುಮಯ್ಯನವರು. ಅವರ ಮಗ ಅಶ್ವಥ್ ಬಸ್‌ಸ್ಟ್ಯಾಂಡ್ ಹಿಂದೆ ಆನ್‌ಲೈನ್ ಸೆಂಟರ್ ಇಟ್ಟಿದ್ದಾನೆ. ಪಹಣಿ, ಆಧಾರ್, ಪಾಸ್‌ಪೋರ್ಟ್ ಎಲ್ಲ ಮಾಡಿಕೊಡುತ್ತಾನೆ.

"ಹೆಸ್ರು ಹೇಳಿ ಚಿಕ್ಕವ್ವ," ಎಂದ. ಗೊತ್ತಿದ್ದೂ ಕೇಳಿದ. ಅಭ್ಯಾಸ ಇರಬೇಕು. ನಾನು ಭಾವನ ಮುಖ ನೋಡಿದೆ. ಭಾವ ಹೇಳಿದರು. ಆಮೇಲೆ ಅವನು ಕೇಳಿದ್ದಕ್ಕೆಲ್ಲ ಭಾವನೇ ಉತ್ತರ ಕೊಟ್ಟರು. ಊರು, ಹೋಬಳಿ, ಕೆಲಸ, ಯಾರ ಹೆಸರಿಗೆ, ಎಲ್ಲ. ನಾನು ಬೆಂಚಿನ ಮೇಲೆ ಕೂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಇಪ್ಪತ್ತೇಳು ವರ್ಷದಿಂದ ಹೀಗೆಯೇ. ರೇಷನ್ ಕಾರ್ಡ್, ಓಟಿನ ಚೀಟಿ, ಆಸ್ಪತ್ರೆ, ಯಾವ ಜಾಗದಲ್ಲೂ ಪಕ್ಕದಲ್ಲಿ ನಿಂತವರು ಹೇಳುತ್ತಾರೆ, ನಾನು ಸಹಿ ಮಾಡುತ್ತೇನೆ. ಎಸ್ಸೆಸ್ಸೆಲ್ಸಿ ಪಾಸಾದ ಹೆಂಗಸು ಬೆಂಚಿನ ಮೇಲೆ ಕೂತು ಕ್ಯಾಲೆಂಡರ್ ನೋಡುತ್ತಾಳೆ.

"ಒಟಿಪಿ ಬತ್ತದೆ, ನನ್ ನಂಬರೇ ಹಾಕ್ತೀನಿ ಚಿಕ್ಕವ್ವ, ನಿಮ್ಗ್ಯಾಕೆ ರಗಳೆ," ಎಂದ ಅಶ್ವಥ್. ಸರಿ ಎಂದೆ.

ಇಂಗ್ಲಿಷ್ ಅಕ್ಷರದಲ್ಲಿ ಹೆಸರು, ಮುಂದೆ ಚಾಕಿ, ಒಂದು ಚುಕ್ಕೆ, ಆಮೇಲೆ ಇನ್. ಅದು ವಿಳಾಸ. ಪೇಟೆ ಬೀದಿಯ ಡಿಟಿಪಿ ಅಂಗಡಿಯಲ್ಲಿ ಸಾನಾ ಎಂಬ ಹುಡುಗಿಗೆ ಚೀಟಿ ಮಾಡಲು ಹೇಳಿ ಬಂದೆವು. ಬಸ್ಸಿನಲ್ಲಿ ಭಾವ, "ಅವ್ನ್ ಹೆಸ್ರು ಉಳೀತು ಬುಡಮ್ಮ," ಎಂದು ಕಣ್ಣು ಒರೆಸಿಕೊಂಡರು. ಭಾವ ಜೊತೆಗಿದ್ದದ್ದು ಒಳ್ಳೆಯದಾಯಿತು.

ನವೆಂಬರ್ ೨೮, ಗುರುವಾರ

ಶಾಖ ೨೫, ತೇವ ೮೨. ಚಳಿ ಶುರುವಾಯಿತು. ಹೀಟರ್ ಹಾಕಿದೆ.

ಮೊಟ್ಟೆಯೊಳಗೆ ಹುಳದ ತಲೆ ಕಪ್ಪು ಚುಕ್ಕೆಯಾಗಿ ಕಂಡ ಮೇಲೆ ಎರಡು ದಿನ ಕಪ್ಪು ಬಟ್ಟೆ ಹೊದಿಸಿದ್ದೆ. ಬೆಳಗ್ಗೆ ಬಟ್ಟೆ ತೆಗೆದು ಬೆಳಕು ಬಿಟ್ಟೆ. ಎಂಟು ಗಂಟೆಗೆ ಎಲ್ಲ ಒಟ್ಟಿಗೆ ಒಡೆದವು. ಕತ್ತಲೆ ಕೊಡದೆ ಬಿಟ್ಟರೆ ಇವತ್ತಿಷ್ಟು, ನಾಳೆಯಿಷ್ಟು ಒಡೆಯುತ್ತವೆ, ಆಮೇಲೆ ಯಾವ ಕಾಲಕ್ಕೂ ಸಮ ಆಗುವುದಿಲ್ಲ.

ಎದುರು ಮನೆಯ ದನದ ಕೊಟ್ಟಿಗೆಗೆ ಸುಣ್ಣ ಬಳಿಯುತ್ತಿದ್ದಾರೆ. ದನ ಮಾರಿ ಎರಡು ವರ್ಷವಾಯಿತು. ಮಗನಿಗೆ ಹೆಣ್ಣು ನೋಡುತ್ತಿರಬೇಕು.

ಡಿಸೆಂಬರ್ ೧೨, ಗುರುವಾರ

ಚೀಟಿ ತರಲು ಚನ್ನಪಟ್ಟಣಕ್ಕೆ ಒಬ್ಬಳೇ ಹೋಗಿದ್ದೆ. ಸಾನಾ ಚೀಟಿ ಕೊಟ್ಟು, "ಆಂಟಿ, ಒಂದ್ಸಲ ಸ್ಕ್ಯಾನ್ ಮಾಡಿ ನೋಡಣ," ಎಂದು ಫೋನ್ ಹಿಡಿದಳು. ಪುಟ ತೆರೆಯಿತು. ಯಜಮಾನರ ಫೋಟೊ ಇತ್ತು, ಅಶ್ವಥ್‌ನ ತಂಗಿಯ ಮದುವೆಯಲ್ಲಿ ತೆಗೆದದ್ದು. ಕೆಳಗೆ ಮಾಲೀಕರು ಗಂಗಹನುಮಯ್ಯ. ಫೋನ್ ನಂಬರ್ ಅಶ್ವಥ್‌ನದು. ಚಾಕಿ ಮನೆಯ ಚಿತ್ರ ಎಂದು ಸುಣ್ಣ ಬಳಿದ ಕೊಟ್ಟಿಗೆ.

"ಇದು ನೀವಲ್ವಾ ಆಂಟಿ?" ಎಂದಳು.

ಅಲ್ಲ ಎಂದೆ. ಬದಲಾಯಿಸಬಹುದೇ ಎಂದು ಕೇಳಿದೆ. "ಯಾರ್ ನಂಬರ್ ಹಾಕವ್ರೋ ಅವ್ರೇ ಬದಲಾಯಿಸ್ಬೇಕು. ಬಸ್ ಸೀಟಿಗೆ ಟವಲ್ ಹಾಕ್ದಂಗೆ ಆಂಟಿ ಇದು, ಹಾಕ್ದವ್ರದ್ದೇ," ಎಂದಳು. ಟೀ ತರಿಸಿದಳು. ಕುಡಿದೆ.

ಚೀಟಿ ಅಲ್ಲೇ ಬಿಟ್ಟು ಬಂದೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ.

ಡಿಸೆಂಬರ್ ೧೩, ಶುಕ್ರವಾರ

ಭಾವನ ಮನೆಗೆ ಹೋದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಭಾವ ಜಗಲಿ ಮೇಲೆ ಕೂತಿದ್ದರು. ಒಳಗೆ ಹೊಸ ತಟ್ಟೆಗಳು ಬಂದು ಬಿದ್ದಿದ್ದವು. ನಾನು ಅಂಗಳದಲ್ಲಿ ನಿಂತೆ. "ಭಾವ, ಅಲ್ಲಿ ನಿಮ್ಮ ಹೆಸ್ರು ಬಂದೈತೆ," ಎಂದೆ.

"ಹೂಂ ಕಣಮ್ಮ. ಇನ್ಯಾರದ್ ಬರ್ಬೇಕಾಗಿತ್ತು?"

"ಹುಳ ನಾನ್ ಸಾಕೋದು."

"ನೀನ್ ಸಾಕ್ತೀಯೆ, ಯಾರ್ ಇಲ್ಲ ಅಂದ್ರು? ಜನ ಬರೋದು ನಿನ್ ಮುಖ ನೋಡಿ ಅಲ್ಲ, ನನ್ ತಮ್ಮನ್ ಹೆಸ್ರು ನೋಡಿ. ನಿಂಗೆ ಮಕ್ಳಿಲ್ಲ. ನಾಳೆ ನೀನ್ ಕಣ್ ಮುಚ್ಕಂಡ್ರೆ ಆ ಹೆಸ್ರು ಯಾರ್ ಪಾಲು? ಅದ್ಕೇ ಮನೇಲೇ ಮಡೀಕಂಡಿವ್ನಿ. ಅಶ್ವಥ್ ಕೊಟ್ಟಿಗೇಲಿ ಸುರು ಮಾಡ್ತಾನೆ. ನೀನೂ ಬಾ, ಸೊಪ್ಪು ಹಾಕು, ಬೇಡ ಅಂದೋರ್ಯಾರು?"

ನನ್ನ ಗಂಡನ ಹೆಸರು, ನನಗೆ ಬರಬೇಕು ಎಂದೆ. ನನ್ನ ಕಿವಿಗೇ ನನ್ನ ದನಿ ಸಣ್ಣದಾಗಿ ಕೇಳಿತು.

ಭಾವ ಎದ್ದು ನಿಂತರು. ಸಿಟ್ಟಿರಲಿಲ್ಲ. "ಆಯ್ತು. ಆ ಹೆಸ್ರು ನಿನ್ ಬಾಯಲ್ಲಿ ಒಂದ್ಸಲ ಹೇಳ್ಬುಡು. ಇಲ್ಲೇ, ನನ್ ಮುಂದೆ. ಈಗ್ಲೇ ಅಶ್ವಥ್‌ಗೆ ಹೇಳಿ ನಿನ್ ನಂಬರ್ಗೆ ಹಾಕುಸ್ಬುಡ್ತೀನಿ. ಹೆಸ್ರೇ ಹೇಳಕ್ಕಾಗ್ದೋಳು ಫೋನ್ ಎತ್ತಿ ಏನಂತ ಯಾಪಾರ ಮಾಡ್ತೀಯೆ?"

ಬಾಯಿ ತೆರೆದೆ. ಬರಲಿಲ್ಲ. ನಾಲಿಗೆ ಮೇಲಿನ ಹಲ್ಲಿಗೆ ಹೋಗಿ ನಿಂತಿತು. ಓರಗಿತ್ತಿ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಆಮೇಲೆ ನಾನೂ ಬಂದುಬಿಟ್ಟೆ.

ನಾಚಿಕೆಯಾಯಿತು. ಅವಮಾನ ಅನ್ನುವುದಕ್ಕಿಂತ ನಾಚಿಕೆ. ಭಾವ ಕೇಳಿದ್ದು ಸುಳ್ಳಲ್ಲ.

ಡಿಸೆಂಬರ್ ೧೪, ಶನಿವಾರ

ಶಾಖ ೨೪, ತೇವ ೭೮. ಎರಡೂ ಕಮ್ಮಿ. ಫೋನ್ ಮಾಡಲಿಲ್ಲ.

ಡಿಸೆಂಬರ್ ೧೫, ಭಾನುವಾರ

ಶಾಖ ೨೫, ತೇವ ೮೦.

ಇವತ್ತೂ ಫೋನ್ ಮಾಡುವುದು ಬೇಡ ಎಂದು ಮಲಗಿದ್ದೆ. ಐದೂ ಇಪ್ಪತ್ತಕ್ಕೆ ಫೋನ್ ಹೊಡೆದುಕೊಂಡಿತು. ಮರಿಯಪ್ಪನವರು.

"ಏನವ್ವ, ಹುಸಾರಿಲ್ವಾ?"

ಇದ್ದೇನೆ ಎಂದೆ.

"ನೆನ್ನೆನೂ ಇಲ್ಲ, ಇವತ್ತೂ ಇಲ್ಲ. ನಮ್ಮನೆಯೋಳು ಎದ್ ಕೂತ್ಕಂಡು, ಫೋನ್ ಮಾಡಿ ನೋಡಿ, ಏನಾಯ್ತೋ ಏನೋ ಅಂತ ಪ್ರಾಣ ತಿಂತಾವ್ಳೆ. ಹುಳ ಅರ್ಧ ಎದ್ದವೆ, ಅರ್ಧ ಕೂತವೆ. ಸೊಪ್ಪು ಹಾಕ್ಲಾ ಬ್ಯಾಡ್ವಾ?"

ಬೇಡ ಎಂದೆ. ಇಟ್ಟ ಕೂಡಲೇ ಇನ್ನೊಂದು ಬಂತು. ಆರು ಗಂಟೆಯೊಳಗೆ ಎಂಟು ಜನ ಮಾಡಿದರು. ಎಲ್ಲರೂ ಮೊದಲು ಕೇಳಿದ್ದು ಆರೋಗ್ಯ, ಆಮೇಲೆ ಹುಳ. ಅತ್ತೆ ಕಂಬಳಿಯೊಳಗಿಂದ, "ಇದೇನೆ ಇದು, ತಿಥಿ ಮನೆಗೆ ಬಂದಂಗೆ ಬತ್ತಾವ್ರೆ," ಎಂದರು.

ಡಿಸೆಂಬರ್ ೨೩, ಸೋಮವಾರ

ಹೊಸ ಹೆಸರು ಹುಡುಕಬೇಕು. ಇನ್ನು ಒಂದು ತಿಂಗಳು ಮೇಲೆ ಒಂದು ವಾರ ಇದೆ.

ಸಾನಾ ಅಂಗಡಿಯಲ್ಲಿ ಎರಡು ತಾಸು ಕೂತೆ. ನಾನು ಹೇಳುವುದು, ಅವಳು ಒತ್ತಿ ನೋಡುವುದು. ಮನೆದೇವರ ಹೆಸರು ಯಾರೋ ತೆಗೆದುಕೊಂಡಿದ್ದಾರೆ. ಊರಿನ ಹೆಸರು ಹಾಕಿದರೆ ತೆಂಗಿನ ಸಸಿ ಮಾರುವವರದು ಬರುತ್ತದೆ. ಬಂಗಾರ, ಕಾಮಧೇನು, ಸಮೃದ್ಧಿ ಎಲ್ಲ ಹೋಗಿವೆ. ಸಾನಾ ಇಂಗ್ಲಿಷ್ ಹೆಸರು ಒಂದೆರಡು ಹೇಳಿದಳು, ನನಗೆ ನಾಲಿಗೆ ಹೊರಳಲಿಲ್ಲ. "ಫೋನಲ್ಲಿ ದಿನಾ ಹೇಳ್ಬೇಕಲ್ವಾ ಆಂಟಿ, ನಿಮ್ ಬಾಯಿಗೆ ಬರಬೇಕು," ಎಂದಳು. ಅವಳಿಗೆ ಏನೂ ಗೊತ್ತಿಲ್ಲ, ಆದರೂ ಸರಿಯಾಗಿಯೇ ಹೇಳಿದಳು.

ಅವಳ ತಂದೆ ಬೊಂಬೆ ಕಡೆಯುವವರು. "ನಮ್ ಅಬ್ಬಾ ನಲವತ್ ವರ್ಷ ಬೊಂಬೆ ಮಾಡವ್ರೆ. ಒಂದ್ರ ಮೇಲೂ ಹೆಸರಿಲ್ಲ. ಈಗ ಹಾಕಣ ಅಂದ್ರೆ, ಬೇಡ ಬೇಟಿ, ಸಣ್ ಮಕ್ಳು ಬಾಯಿಗ್ ಹಾಕ್ಕಳೋ ವಸ್ತು, ಅದ್ರ ಮೇಲೆ ನನ್ ಹೆಸರ್ಯಾಕೆ ಅಂತಾರೆ," ಎಂದು ನಕ್ಕಳು. ನನಗೂ ನಗು ಬಂತು.

ರಾತ್ರಿ ಊಟ ಮಾಡುತ್ತಾ ಅತ್ತೆಗೆ ಹೇಳಿದೆ. "ಹೆಸ್ರು ಕ್ಷೀರಸಾಗರ, ಮನೇಲಿ ಮಜ್ಗೆಗೂ ಗತಿಯಿಲ್ಲ ಅಂದಂಗೆ, ದೊಡ್ ಹೆಸ್ರು ಕಟ್ಕಂಡು ಏನ್ ಮಾಡ್ತೀಯೆ? ಸಿದ್ದಮ್ಮ ಚಾಕಿ ಅಂತ ಮಡಗು. ನನ್ ಹೆಸ್ರ ಯಾರೂ ಕೇಳಕ್ಕಿಲ್ಲ," ಎಂದರು. ಕೈ ತೊಳೆದು ಬಂದು, "ನಿನ್ ಹೆಸ್ರೇ ಇಡು ಮತ್ತೆ. ರಾಧಾಮಣಿ ಅಂತ. ಚೆನ್ನಾಗೈತೆ," ಎಂದರು.

ರಾಧಾಮಣಿ ಎಂದು ನನ್ನನ್ನು ಯಾರೂ ಕರೆಯುವುದಿಲ್ಲ. ಯಜಮಾನರೂ ಕರೆದವರಲ್ಲ. ಲೇ ಅನ್ನುತ್ತಿದ್ದರು, ನಾನು ರೀ ಅನ್ನುತ್ತಿದ್ದೆ. ಇಪ್ಪತ್ತೇಳು ವರ್ಷದ ಸಂಸಾರ ಎರಡು ಅಕ್ಷರದಲ್ಲಿ ಮುಗಿಯಿತು.

ಜನವರಿ ೫, ಭಾನುವಾರ

ಶಾಖ ೨೬, ತೇವ ೮೫. ಐದಕ್ಕೆ ಹದಿನಾಲ್ಕು ಫೋನ್.

ಮರಿಯಪ್ಪನವರು ಹುಳದ ಬಣ್ಣ ಸರಿಯಿಲ್ಲ ಎಂದರು. ನಡೆದೇ ಹೋಗಿ ನೋಡಿದೆ. ಕಾಯಿಲೆಯೇನಲ್ಲ, ಗಾಳಿ ಸಾಲದು. ಕಿಟಕಿ ತೆಗೆಸಿದೆ. ವಾಪಸು ಬರುವಾಗ ನನ್ನ ಫೋನ್ ಕಾಣಲಿಲ್ಲ. ಹುಳದ ಮನೆಯಲ್ಲೇ ಎಲ್ಲೋ ಇಟ್ಟಿದ್ದೆ. ಅವರ ಹೆಂಡತಿ ಒಳಗೆ ಹುಡುಕಿ ಎತ್ತಿಕೊಳ್ಳುವಾಗ ಬೆರಳು ತಾಗಿ, ನನ್ನ ಫೋನಿನಿಂದ ಅವರ ಫೋನಿಗೇ ರಿಂಗ್ ಹೋಯಿತು. ಮರಿಯಪ್ಪನವರ ಫೋನ್ ನನ್ನ ಕಣ್ಣ ಮುಂದೆಯೇ ಜಗಲಿ ಕಲ್ಲಿನ ಮೇಲೆ ಹೊಳೆಯುತ್ತಿತ್ತು. ಅದರಲ್ಲಿ ಕನ್ನಡದಲ್ಲಿ, ಐದು ಗಂಟೆ.

ಇದೇನು ಎಂದೆ.

ಅವರಿಗೆ ಮುಜುಗರವಾಯಿತು. "ಮೊಮ್ಮಗಳು ಹಾಕ್ಕೊಟ್ಟಿದ್ದು ಕಣವ್ವ, ತಪ್ಪ್ ತಿಳ್ಕಬ್ಯಾಡ. ನಿನ್ ನಂಬರ್ಗೆ ಮೊದ್ಲು ನಿಮ್ ಯಜಮಾನ್ರ ಹೆಸ್ರಿತ್ತು. ಅವ್ರು ಹೋದ್ಮೇಲೆ ಆ ಹೆಸ್ರು ಹೊಡ್ಕಂಡ್ರೆ ಎದೆ ಧಸಕ್ ಅನ್ನೋದು. ಅದ್ಕೆ ಬದ್ಲಾಯ್ಸು ಅಂದೆ."

"ಊರ್ನಲ್ಲೆಲ್ಲಾ ಅಂಗೇ ಅನ್ನೋದು," ಎಂದು ಒಳಗಿಂದ ಅವರ ಹೆಂಡತಿ ಫೋನ್ ಹಿಡಿದುಕೊಂಡು ಬಂದರು. "ಐದ್ ಗಂಟೆ ಹುಳ ತಂದ್ರಾ, ಐದ್ ಗಂಟೆಗೆ ಹೇಳುದ್ರಾ ಅಂತಾರೆ. ನಿಂಗೊಬ್ಳಿಗೇ ಗೊತ್ತಿಲ್ಲ ಅಷ್ಟೇ."

ರಾಗಿರೊಟ್ಟಿ ಕೊಟ್ಟರು. ಎರಡು ತಿಂದೆ. ಆಗಸ್ಟ್ ಆದ ಮೇಲೆ ಇನ್ನೊಬ್ಬರ ಮನೆಯಲ್ಲಿ ತಿಂದದ್ದು ಇವತ್ತೇ.

ಜನವರಿ ೭, ಮಂಗಳವಾರ

ಸಾನಾ ಒತ್ತಿ ನೋಡಿದಳು. ಯಾರೂ ಟವಲ್ ಹಾಕಿರಲಿಲ್ಲ.

"ಐದು ಗಂಟೆ ಚಾಕಿ. ಆಂಟಿ, ಒಂದ್ಸಲ ಗಟ್ಟಿಯಾಗಿ ಹೇಳಿ ನೋಡಣ," ಎಂದಳು. ಹೇಳಿದೆ. ಪಕ್ಕದಲ್ಲಿ ಮದುವೆ ಪತ್ರಿಕೆ ಮಾಡಿಸಲು ಬಂದಿದ್ದವರು ತಿರುಗಿ ನೋಡಿದರು. ಇನ್ನೊಂದು ಸಲ ಹೇಳಿದೆ.

ಮಾಲೀಕರು ಎಂಬಲ್ಲಿ ರಾಧಾಮಣಿ, ನಂಬರ್ ನನ್ನದು. ಒಟಿಪಿ ನನ್ನ ಫೋನಿಗೆ ಬಂತು, ನಾನೇ ಓದಿ ಹೇಳಿದೆ. ರಗಳೆಯೇನೂ ಆಗಲಿಲ್ಲ.

ಜನವರಿ ೧೪, ಸಂಕ್ರಾಂತಿ

ಅತ್ತೆ ಎಳ್ಳುಬೆಲ್ಲ ಎದುರು ಮನೆಗೂ ಕಳಿಸು ಎಂದರು. ನಾನೇ ಕೊಟ್ಟು ಬಂದೆ. ಅಶ್ವಥ್ ನನ್ನ ಹೊಸ ಬೋರ್ಡ್ ನೋಡಿ, "ಐದ್ ಗಂಟೆ ಅಂದ್ರೆ ಏನ್ ಚಿಕ್ಕವ್ವ, ಅಲಾರಾಂ ರಿಪೇರಿನಾ?" ಎಂದ. ಹೂಂ ಎಂದೆ.

ಅವರ ಬೋರ್ಡ್ ದೊಡ್ಡದು, ಬಣ್ಣದ್ದು, ಯಜಮಾನರ ಫೋಟೊ ಇದೆ. ಹೋಗುವಾಗ ಬರುವಾಗ ನೋಡುತ್ತೇನೆ. ಫೋಟೊದಲ್ಲಿ ನಗುತ್ತಿದ್ದಾರೆ. ನನ್ನ ಚಾಕಿ ಮನೆ ಕಡೆಗೇ ಮುಖ.

ಜನವರಿ ೩೦, ಗುರುವಾರ

ಶಾಖ ೨೭, ತೇವ ೮೬.

ಮೊಟ್ಟೆ ಬಂತು. ಕಂಪ್ಯೂಟರ್‌ನವನು ಫೋನ್ ಮಾಡಿ ಹೆಸರು ಚೆನ್ನಾಗಿದೆ ಮೇಡಂ ಎಂದ. ಭಾವನವರು ಮೊದಲ ಹುಳ ಕಳೆದ ವಾರವೇ ಕೊಟ್ಟರಂತೆ. ನನ್ನ ಹದಿನಾಲ್ಕು ಮನೆಯಲ್ಲಿ ಐದು ಮನೆ ಅವರ ಕಡೆ ಹೋಗಿವೆ. ದೂರದವರೂ ಫೋನಿನಲ್ಲಿ ಹೆಸರು ನೋಡಿ ಅವರಿಗೇ ಹೇಳುತ್ತಿದ್ದಾರೆ. ಹೊಟ್ಟೆ ಉರಿಯಿತು, ಉರಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಂಬತ್ತು ಮನೆಗೆ ಐದಕ್ಕೆ ಫೋನ್ ಬೇಗ ಮುಗಿಯುತ್ತದೆ.

ಫೆಬ್ರವರಿ ೪, ಮಂಗಳವಾರ

ಮಧ್ಯಾಹ್ನ ಸೊಪ್ಪು ಕತ್ತರಿಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಫೋನ್ ಬಂತು. ಗೊತ್ತಿಲ್ಲದ ನಂಬರ್, ಮಾಗಡಿ ಕಡೆ ತಿಪ್ಪಸಂದ್ರದಿಂದ ದಾಸಪ್ಪ ಎಂದ. ಎದುರು ಮನೆ ಬೋರ್ಡಿನ ನಂಬರ್‌ನವರು ಬೆಳಗ್ಗೆಯಿಂದ ಎತ್ತುತ್ತಿಲ್ಲವಂತೆ, ಈ ಕಡೆ ಅಕ್ಕೂರಿನ ಯಾರೋ ನೆಂಟರು ಈ ನಂಬರ್ ಕೊಟ್ಟರಂತೆ.

"ಹುಳ ಒಂದ್ ದೊಡ್ದು ಒಂದ್ ಚಿಕ್ದು. ಅರ್ಧ ಜ್ವರಕ್ ಕೂತವೆ, ಅರ್ಧ ಮೇಯ್ತಾ ಅವೆ. ಅಷ್ಟ್ ದೂರದಿಂದ ಹೆಸ್ರು ನೋಡ್ಕಂಡ್ ಬಂದೆ ಕಣವ್ವ. ಆ ____ ಅನ್ನೋನ್ಗೆ ಫೋನ್ ಕೊಡು. ಮೋಸಗಾರ ನನ್ಮಗ, ಫೋಟೊ ಬೇರೆ ಹಾಕ್ಕಂಡವ್ನೆ ಹಲ್ ಕಿರ್ಕಂಡು."

"ನಟರಾಜು ಮೋಸ ಮಾಡೋರಲ್ಲ," ಎಂದೆ. "ನಟರಾಜು ಹೋಗಿ ಆರ್ ತಿಂಗ್ಳಾಯ್ತು. ಆ ಹುಳ ನಟರಾಜು ಸಾಕಿದ್ದಲ್ಲ. ನಾನು ಅವ್ರ ಹೆಂಡ್ತಿ."

ತಪ್ಪಾಯ್ತು ತಾಯಿ ಎಂದ. ತಪ್ಪು ಒಪ್ಪು ಆಮೇಲೆ, ಈಗ ಬರೆದುಕೊಳ್ಳಿ ಎಂದೆ. ಮೇಲೆ ಒಸಿ ಹೊಸ ಸೊಪ್ಪು ಹರಡಿ, ಕೂರದ ಹುಳ ಸೊಪ್ಪಿಗೆ ಹತ್ತುತ್ತವೆ, ಸೊಪ್ಪಿನ ಸಮೇತ ಎತ್ತಿ ಬೇರೆ ತಟ್ಟೆಗೆ ಹಾಕಿ. ಕೂತವಕ್ಕೆ ಸುಣ್ಣದ ಪುಡಿ ಚೆಲ್ಲಿ, ಎಲ್ಲ ಏಳುವ ತನಕ ಮುಟ್ಟಬೇಡಿ. ನಾಳೆ ಐದಕ್ಕೆ ನಾನೇ ಫೋನ್ ಮಾಡುತ್ತೇನೆ ಎಂದು ಇಟ್ಟೆ.

ತಿರುಗಿದರೆ ಅತ್ತೆ ಅವರೆಕಾಯಿ ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತಿದ್ದಾರೆ. ಆಗ ನನಗೆ ಗೊತ್ತಾಯಿತು.

"ಈಗ್ಲೇ ಹೋಗೆ," ಎಂದರು ಅತ್ತೆ. "ಹೇಳುದ್ರೆ ಕೊಡ್ತೀನಿ ಅಂದವ್ನೆ. ಹೋಗಿ ಹೇಳಿ ಈಸ್ಕಬಾ."

ಹೋದೆ. ಭಾವ ಜಗಲಿಯಲ್ಲಿದ್ದರು. ಜಗಲಿ ಹತ್ತಿ ನಿಂತೆ.

"ಭಾವ, ಮೊಟ್ಟೆಗೆ ಕಪ್ಪು ಬಟ್ಟೆ ಹೊದ್ಸಿದ್ರಾ?"

"ಅದೆಲ್ಲ ಅಶ್ವಥ್ ನೋಡ್ಕತ್ತಾನೆ. ಯಾಕೆ?"

"ಎರಡ್ ದಿನ ಒಡ್ದಿರೋದ್ನ ಬೆರಸ್ಬುಟ್ಟವ್ನೆ. ತಿಪ್ಪಸಂದ್ರದೋರು ಫೋನ್ ಮಾಡಿದ್ರು. ನಟರಾಜುಗೆ ಬಯ್ದ್ರು."

ಭಾವ ತಲೆ ಎತ್ತಿ ನನ್ನ ಬಾಯಿಯನ್ನೇ ನೋಡಿದರು.

"ನಟರಾಜು ಹೆಸ್ರು ನೀವೇ ಮಡೀಕಳಿ ಭಾವ. ನಾನ್ ಕೇಳಕ್ ಬಂದಿಲ್ಲ. ಆದ್ರೆ ಆ ಹೆಸ್ರಿಗೆ ಇನ್ನೊಬ್ರು ಬಯ್ಯಂಗಾಗ್ಬಾರ್ದು. ನಾಳೆಯಿಂದ ನಿಮ್ಗೂ ಐದಕ್ಕೆ ಫೋನ್ ಮಾಡ್ತೀನಿ. ಎತ್ತಿ."

ಭಾವ ಹೆಗಲ ಮೇಲಿನ ಟವಲ್ ತೆಗೆದು ಮುಖಕ್ಕೆ ಹಿಡಿದುಕೊಂಡು ಕೂತರು. ನಾನು ಬಂದೆ.

ಈಸಿಕೊಂಡು ಬರಲಿಲ್ಲ ಎಂದಾಗ ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಬಿಡಿಸಿದ ಕಾಳು ಪಾತ್ರೆಗೆ ಸುರಿದು, "ನಿನ್ ಬಾಯಲ್ಲಿ ಅವ್ನ್ ಹೆಸ್ರು ಎಷ್ಟ್ ಚೆನ್ನಾಗ್ ಕೇಳುಸ್ತು. ಕೇಳಕ್ಕೆ ಅವ್ನೇ ಇಲ್ದಂಗಾದ," ಎಂದರು. ನಮ್ಮಿಬ್ಬರಿಗೂ ಅಳು ಬಂತು. ಕೂತು ಅತ್ತುಬಿಟ್ಟೆವು. ಆಗಸ್ಟ್‌ನಲ್ಲಿ ನಾನು ಅತ್ತಿರಲಿಲ್ಲ.

ಫೆಬ್ರವರಿ ೫, ಬುಧವಾರ

ಶಾಖ ೨೭, ತೇವ ೮೭.

ಹೀಟರ್ ಸದ್ದು ಮಾಡುತ್ತಿದೆ, ನಟರಾಜು ಕೊಂಡಿದ್ದ ಅಂಗಡಿಗೇ ರಿಪೇರಿಗೆ ಕೊಡಬೇಕು. ಬೈಕ್ ಸುಮ್ಮನೆ ನಿಂತು ತುಕ್ಕು ಹಿಡಿಯುತ್ತಿದೆ. ಕಲಿಯುವುದು ಕಷ್ಟವೇ ಎಂದು ಸಾನಾಳನ್ನು ಕೇಳಬೇಕು.

ಐದಕ್ಕೆ ಹನ್ನೊಂದು ಫೋನ್. ತಿಪ್ಪಸಂದ್ರದವರು ಹುಳ ಬೇರೆ ಮಾಡಿದ್ದಾರೆ. ಭಾವ ಎರಡನೇ ರಿಂಗಿಗೇ ಎತ್ತಿದರು.